ಕಡಲಾಚೆಯ ಮಕ್ಕಳ ಮನೆಗೆ ಹೊರಡುವ ಮುನ್ನ



ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ದಕ್ಷಿಣ ಬೆಂಗಳೂರಿನ ಪಾರ್ಕುಗಳಲ್ಲಿ ಒಂದೇ ಮಾತು. ಜಯನಗರದ ಲಕ್ಷ್ಮಣರಾವ್ ಪಾರ್ಕಿರಲಿ, ಜೆ.ಪಿ. ನಗರದ ಮಿನಿ ಫಾರೆಸ್ಟ್ ಇರಲಿ, ಬೆಳಗಿನ ವಾಕಿಂಗಿಗೆ ಬಂದ ಹಿರಿಯರು ಪರಸ್ಪರ ಕೇಳಿಕೊಳ್ಳುತ್ತಾರೆ: "ಈ ಸಲ ಯಾವಾಗ ಹೊರಟಿರಿ? ವೀಸಾ ಆಯ್ತಾ?" ಮಗಳಿಗೆ ಜೂನ್‌ನಲ್ಲಿ ಹೆರಿಗೆ, ಮಗ ಹೊಸ ಮನೆ ಕೊಂಡಿದ್ದಾನೆ, ಮೊಮ್ಮಗನಿಗೆ ಉಪನಯನ. ಹೋಗಲು ಕಾರಣಗಳಿಗೆ ಬರವಿಲ್ಲ. ಆದರೆ "ಇನ್ಶೂರೆನ್ಸ್ ಯಾವುದು ಮಾಡಿಸಿದ್ದೀರಿ?" ಎಂದು ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: "ಅದೆಲ್ಲ ಮಗ ನೋಡ್ಕೋತಾನೆ."

ಮಗ ನೋಡಿಕೊಳ್ಳುತ್ತಾನೆ, ನಿಜ. ಮಗಳೂ ನೋಡಿಕೊಳ್ಳುತ್ತಾಳೆ. ಆದರೆ ವೀಸಾ ಅಧಿಕಾರಿಯ ಮುಂದೆ ನಿಲ್ಲುವವರು ನೀವು. ವಿಮೆಯ ಅರ್ಜಿಯಲ್ಲಿ ಬರೆಯಬೇಕಾದದ್ದು ನಿಮ್ಮ ದೇಹದ ಸಂಗತಿ. ಅಲ್ಲಿ ನಡುರಾತ್ರಿ ಎದೆ ನೋವು ಬಂದರೆ ವೈದ್ಯರು ಕೇಳುವುದು ನಿಮ್ಮ ಕಾಯಿಲೆಯ ಚರಿತ್ರೆ. ಆದ್ದರಿಂದ ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ನಿಮ್ಮ ಕಾಗದಪತ್ರ ನಿಮಗೆ ಗೊತ್ತಿರಲಿ, ಮತ್ತು ಆ ಕಾಗದದಲ್ಲಿ ನಿಮ್ಮ ಬಗ್ಗೆ ಇರುವುದೆಲ್ಲ ನಿಜವಾಗಿರಲಿ. ವಯಸ್ಸಾದ ಪ್ರವಾಸಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಈ ವಿಷಯ ನಮ್ಮ ಬಡಾವಣೆಗಳಿಗೆ ಇಷ್ಟು ಹತ್ತಿರವಾದದ್ದಕ್ಕೆ ಕಾರಣವಿದೆ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಬೆಳೆದವು. ಸರ್ಕಾರಿ ನೌಕರರು, ಬ್ಯಾಂಕಿನವರು, ಮೇಷ್ಟ್ರುಗಳು, ಸಾರ್ವಜನಿಕ ಉದ್ದಿಮೆಗಳಲ್ಲಿ ದುಡಿದವರು ಸಾಲ ಮಾಡಿ ಇಲ್ಲಿ ಸೈಟು ಕೊಂಡು ಮನೆ ಕಟ್ಟಿದರು. ಮಕ್ಕಳನ್ನು ಬಸವನಗುಡಿಯ ಬಿ.ಎಂ.ಎಸ್. ಕಾಲೇಜಿಗೋ, 1963ರಲ್ಲಿ ಆರಂಭವಾದ ಆರ್.ವಿ. ಇಂಜಿನಿಯರಿಂಗ್ ಕಾಲೇಜಿಗೋ ಸೇರಿಸಿದರು. 1990ರ ಕಾನೂನಿನಿಂದ ಅಮೆರಿಕದಲ್ಲಿ ಎಚ್-1ಬಿ ವೀಸಾ ಬಂತು. ಆ ದಶಕದಲ್ಲಿ ಸಾಫ್ಟ್‌ವೇರ್ ಕೆಲಸ ನಮ್ಮ ಮಕ್ಕಳನ್ನು ಸಾಲುಸಾಲಾಗಿ ಕರೆದೊಯ್ಯಿತು. ಮನೆ ಕಟ್ಟಿದವರು ಮನೆಯಲ್ಲಿ ಉಳಿದರು. ಮಕ್ಕಳಿಗೆ ಈಗ ನಲವತ್ತು, ಐವತ್ತು. ತಂದೆತಾಯಿಗೆ ಎಪ್ಪತ್ತು, ಎಂಬತ್ತು.

ಈ ಪ್ರಯಾಣ ಕನ್ನಡಿಗರಿಗೆ ಹೊಸದಲ್ಲ. 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕ ನೋಡಿ ಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಹಿರಿಯರೊಬ್ಬರ ಕಣ್ಣಿಗೆ ಬಿದ್ದ ಅಮೆರಿಕವನ್ನು ನಾಡು ಅಷ್ಟು ಪ್ರೀತಿಯಿಂದ ಓದಿತು. ಅಂದು ಅಪರೂಪವಾಗಿದ್ದ ಪಯಣ ಇಂದು ರಸ್ತೆಗೆ ನಾಲ್ಕಾರು ಮನೆಗಳ ವಾಡಿಕೆ. ವಾಡಿಕೆಯಾದದ್ದರಲ್ಲಿ ಎಚ್ಚರ ಸಡಿಲವಾಗುತ್ತದೆ, ಅದೇ ನನ್ನ ಕಳವಳ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಇದು ವಿಷಯ ತಿಳಿಯಲೆಂದು ನಾನು ಕಲ್ಪಿಸಿಕೊಂಡ ಸಂಸಾರ. ಬನಶಂಕರಿ ಎರಡನೇ ಹಂತದಲ್ಲಿ ಒಂದು ದಂಪತಿ. ಯಜಮಾನರಿಗೆ 74, ಹೃದಯಕ್ಕೆ ಒಂದು ಸ್ಟೆಂಟ್ ಬಿದ್ದಿದೆ. ತಾಯಿಗೆ 69, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ ಇದ್ದಾಳೆ, ಚೊಚ್ಚಲ ಬಸುರಿ. ಬಾಣಂತನಕ್ಕೆ ಇಬ್ಬರೂ ಹೋಗಬೇಕು.

ಮೊದಲು ವೀಸಾ. ಅಮೆರಿಕಕ್ಕೆ ಇವರು ಹಾಕಬೇಕಾದದ್ದು ಬಿ-1/ಬಿ-2 ಸಂದರ್ಶಕರ ವೀಸಾಕ್ಕೆ. ಡಿಎಸ್-160 ಎಂಬ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. 2023ರ ಜೂನ್‌ನಿಂದ ಅರ್ಜಿ ಶುಲ್ಕ ತಲಾ 185 ಡಾಲರ್; ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಕರ್ನಾಟಕದವರು ಸಾಮಾನ್ಯವಾಗಿ ಹೋಗುವುದು ಚೆನ್ನೈಗೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಆಗುತ್ತದೆಂದು 2025ರ ಜನವರಿ 17ರಂದು ಸಮಾರಂಭ ನಡೆದದ್ದು ನಿಮಗೆ ನೆನಪಿರಬಹುದು. ಆದರೆ ಆ ಸಮಾರಂಭದೊಡನೆ ಇಲ್ಲಿ ವೀಸಾ ಸಂದರ್ಶನ ಆರಂಭವಾಗಲಿಲ್ಲ. ಚೆನ್ನೈನಲ್ಲಿ ಎರಡು ಕೆಲಸ: ಬೆರಳಚ್ಚು ಮತ್ತು ಫೋಟೋ ಕೊಡುವುದು ಒಂದು ಕಡೆ, ಸಂದರ್ಶನ ಇನ್ನೊಂದು ಕಡೆ. ಮಂಡಿ ನೋವಿರುವವರು ಎರಡಕ್ಕೂ ನಡುವೆ ಒಂದು ರಾತ್ರಿ ಉಳಿಯುವಂತೆ ದಿನ ಗೊತ್ತು ಮಾಡಿಕೊಂಡರೆ ಒಳ್ಳೆಯದು.

ಇಲ್ಲಿ ಒಂದು ಬದಲಾವಣೆ ಗಮನಿಸಿ. ಮುಂಚೆ 79 ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ವಯಸ್ಸಿನ ಆ ವಿನಾಯಿತಿ ಹೋಯಿತು. ಎಂಬತ್ತೆರಡರ ಅಜ್ಜಿ ಹೊಸದಾಗಿ ಅರ್ಜಿ ಹಾಕಿದರೆ ಅವರೂ ಹೋಗಬೇಕು. ನೆರೆಮನೆಯವರಿಗೆ ಹೋದ ವರ್ಷ ಹೇಗಾಯಿತು ಎಂಬುದನ್ನು ನಂಬಿ ಟಿಕೆಟ್ ತೆಗೆಯಬೇಡಿ. ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ತಾಣವನ್ನೇ ನೋಡಿ.

ಸಂದರ್ಶನದಲ್ಲಿ ಕೇಳುವುದು ಕೆಲವೇ ಪ್ರಶ್ನೆ, ಮುಗಿಯುವುದು ಕೆಲವೇ ನಿಮಿಷಗಳಲ್ಲಿ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮು ಹೇಳುವುದೇನೆಂದರೆ, ಸಂದರ್ಶಕರ ವೀಸಾ ಕೇಳುವವರು ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ಅವರು ತಿಳಿಯಬಯಸುವುದು ಮುಖ್ಯವಾಗಿ ಒಂದೇ, ನೀವು ಮರಳಿ ಬರುತ್ತೀರಾ? ನಿಮ್ಮ ಮನೆ ಇಲ್ಲಿದೆ, ಪಿಂಚಣಿ ಇಲ್ಲಿದೆ, ಇನ್ನೊಬ್ಬ ಮಗ ಇಲ್ಲಿದ್ದಾನೆ, ನಲವತ್ತು ವರ್ಷದ ನೆರೆಹೊರೆ ಇಲ್ಲಿದೆ. ಇದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಬಾಯಿಪಾಠ ಮಾಡಿದ ಉತ್ತರಕ್ಕಿಂತ ನಿಮ್ಮದೇ ಮಾತು ಮೇಲು. ಇಂಗ್ಲಿಷ್ ತೊಡಕಾದರೆ ನಿಮಗೆ ಬರುವ ಭಾಷೆಯಲ್ಲಿ ಮಾತಾಡಬಹುದೇ ಎಂದು ಕೇಳಲು ಸಂಕೋಚ ಬೇಡ.

ಅರ್ಜಿಯನ್ನು ಮಗಳೋ ಅಳಿಯನೋ ಏಜೆಂಟನೋ ತುಂಬಿರುತ್ತಾರೆ. ಹೊರಡುವ ಮುನ್ನ ಅದನ್ನು ನಿಮಗೆ ಓದಿ ಹೇಳಲಿ. ಹಿಂದೆ ವೀಸಾ ನಿರಾಕರಣೆ ಆಗಿತ್ತೇ, ಯಾವ ಸಂಬಂಧಿಕರು ಅಲ್ಲಿದ್ದಾರೆ, ಎಷ್ಟು ದಿನ ಇರುತ್ತೀರಿ ಎಂಬ ಪ್ರಶ್ನೆಗಳಿಗೆ ಅರ್ಜಿಯಲ್ಲಿ ಒಂದು, ಕಿಟಕಿಯ ಮುಂದೆ ಇನ್ನೊಂದು ಆಗಬಾರದು. ಸುಳ್ಳು ಹೇಳಿ ವೀಸಾ ಪಡೆಯಲು ಯತ್ನಿಸಿದರೆಂದು ಒಮ್ಮೆ ದಾಖಲಾದರೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಬಾಣಂತನದ ಮಾತು ಬಂದಾಗ ಕೆಲವರು ಹೆದರುತ್ತಾರೆ, ಮುಚ್ಚಿಡಲು ನೋಡುತ್ತಾರೆ. ಹೆದರಬೇಕಿಲ್ಲ. ಸಂಬಳಕ್ಕೆ ದುಡಿಯುವುದಕ್ಕೆ ಈ ವೀಸಾದಲ್ಲಿ ಅವಕಾಶವಿಲ್ಲ. ಹೆರಿಗೆಯ ಹೊತ್ತಿಗೆ ಮಗಳ ಜೊತೆ ಇದ್ದು ಮೊಮ್ಮಗುವನ್ನು ನೋಡಿ ಬರುವುದು ಸಂಸಾರದ ಭೇಟಿ. ಅದನ್ನು ಹಾಗೆಯೇ ಹೇಳಿ.

ನಮ್ಮ ಕಡೆಯವರಿಗೆ ಹೆಸರಿನ ತೊಡಕು ವಿಶೇಷವಾಗಿ ಕಾಡುತ್ತದೆ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲಿನಲ್ಲಿ ಅಡಗಿರುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್.ಎನ್.ಯು. ಎಂಬ ಮೂರಕ್ಷರ ಕೂರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಒಂದು ಬಗೆ, ವಿಮೆ ಪಾಲಿಸಿಯಲ್ಲಿ ಇನ್ನೊಂದು ಬಗೆ ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ಬಿಡಿಸಿ ಹೇಳುವಷ್ಟು ಹೊತ್ತಿರುವುದಿಲ್ಲ. ಸಮಯವಿದ್ದರೆ ಪಾಸ್‌ಪೋರ್ಟ್ ನವೀಕರಿಸುವಾಗಲೇ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಳ್ಳಿ. ಇಲ್ಲವಾದರೆ ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಸಿ.

ವೀಸಾ ಸಿಕ್ಕಿತು. ಭಾರತೀಯರಿಗೆ ಅದು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಹತ್ತು ವರ್ಷದ ವೀಸಾ ಎಂದರೆ ಆ ಅವಧಿಯಲ್ಲಿ ಹಲವು ಸಲ ಹೋಗಬಹುದು ಎಂದು ಅರ್ಥ, ಎಷ್ಟು ದಿನ ಬೇಕಾದರೂ ಇರಬಹುದು ಎಂದಲ್ಲ. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಅದು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳು. ಇಳಿದ ವಾರದಲ್ಲೇ ಮಗಳ ಹತ್ತಿರ ಆ ಐ-94 ಮುದ್ರಿಸಿಕೊಂಡು ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇನ್ನಷ್ಟು ದಿನ ಇರಲೇಬೇಕಾದರೆ ಆ ದಿನಾಂಕಕ್ಕೆ ಮುಂಚೆ ಐ-539 ಅರ್ಜಿ ಹಾಕಬೇಕು. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಉಳಿದವರಿಗೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಮೊಮ್ಮಗುವಿನ ನಾಮಕರಣಕ್ಕೆ ಹೋದವರು ಅದರ ಅಕ್ಷರಾಭ್ಯಾಸಕ್ಕೆ ಹೋಗಲಾಗದೆ ಉಳಿಯಬಾರದು.

ಬೇರೆ ದೇಶಗಳ ಮಾತು. ಕೆನಡಾದಲ್ಲಿ ಮಕ್ಕಳು ಕಾಯಂ ನಿವಾಸಿಗಳೋ ನಾಗರಿಕರೋ ಆಗಿದ್ದರೆ ತಂದೆತಾಯಿಗೆ ಮತ್ತು ಅಜ್ಜ ಅಜ್ಜಿಗೆ ಸೂಪರ್ ವೀಸಾ ಇದೆ. 2011ರ ಡಿಸೆಂಬರ್‌ನಲ್ಲಿ ಶುರುವಾದ ಈ ವೀಸಾದಲ್ಲಿ 2022ರ ಜುಲೈನಿಂದ ಒಂದು ಸಲ ಹೋದರೆ ಐದು ವರ್ಷದ ತನಕ ಇರಬಹುದು. ಆದರೆ ವೈದ್ಯಕೀಯ ತಪಾಸಣೆ ಆಗಬೇಕು, ಮತ್ತು ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರ್‌ನ, ಕನಿಷ್ಠ ಒಂದು ವರ್ಷದ ಆರೋಗ್ಯ ವಿಮೆ ಇಲ್ಲದೆ ವೀಸಾ ಸಿಗದು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಮೊದಲಾದ ಷೆಂಗನ್ ದೇಶಗಳಿಗೂ ಹಾಗೆಯೇ: 30,000 ಯೂರೋದ ವಿಮೆ ಕಡ್ಡಾಯ; ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಲು ಅವಕಾಶ. ಬ್ರಿಟನ್ ಸಂದರ್ಶಕರಿಗೆ ವಿಮೆ ಕಡ್ಡಾಯ ಮಾಡಿಲ್ಲ. ಅಲ್ಲಿ ಎನ್.ಎಚ್.ಎಸ್. ಎಂಬ ಸರ್ಕಾರಿ ಆರೋಗ್ಯ ಸೇವೆ ಇದೆ, ಎಲ್ಲ ಉಚಿತ ಎಂದುಕೊಂಡು ಹೋಗುವವರಿದ್ದಾರೆ. ತುರ್ತು ವಿಭಾಗದಲ್ಲಿ ನೋಡುವುದು ಉಚಿತ. ವಾರ್ಡಿಗೆ ದಾಖಲಾದ ಕ್ಷಣದಿಂದ ಸಂದರ್ಶಕರಿಗೆ ಅಲ್ಲಿನ ದರದ ಒಂದೂವರೆ ಪಟ್ಟು ಬಿಲ್ಲು. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಬಾಕಿ ಉಳಿದರೆ ಮುಂದಿನ ವೀಸಾಕ್ಕೂ ಅಡ್ಡಿ. ಆಸ್ಟ್ರೇಲಿಯಾಕ್ಕೆ 75 ತುಂಬಿದವರು ಹೋಗಬೇಕಾದರೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಅಮೆರಿಕ ವೀಸಾಕ್ಕೆ ವಿಮೆ ಕೇಳುವುದಿಲ್ಲ. ಕೇಳದ ದೇಶದಲ್ಲಿಯೇ ಅದು ಹೆಚ್ಚು ಬೇಕಾಗುವುದು, ಏಕೆಂದರೆ ಚಿಕಿತ್ಸೆಯ ಖರ್ಚು ಅಲ್ಲಿಯೇ ಅತಿ ಹೆಚ್ಚು.

ಈಗ ವಿಮೆಗೆ ಬರೋಣ. "ನಮಗೆ ಇಲ್ಲಿ ಮೆಡಿಕ್ಲೇಮ್ ಇದೆಯಲ್ಲ" ಎನ್ನುವವರಿಗೆ ಮೊದಲ ಮಾತು: ನಿಮ್ಮ ಇಲ್ಲಿನ ಮೆಡಿಕ್ಲೇಮ್, ಬ್ಯಾಂಕು ನಿವೃತ್ತರಿಗೆ ಕೊಡಿಸಿದ ಗುಂಪು ವಿಮೆ, ಸಾಮಾನ್ಯವಾಗಿ ದೇಶದ ಗಡಿಯಲ್ಲಿ ನಿಲ್ಲುತ್ತವೆ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ಘೋಷಿಸಿದ ಐದು ಲಕ್ಷ ರೂಪಾಯಿಯ ಆಯುಷ್ಮಾನ್ ಸೌಲಭ್ಯವೂ ಭಾರತದ ಆಸ್ಪತ್ರೆಗಳಿಗೆ ಮಾತ್ರ. ಮಗಳ ಕಂಪನಿ ಕೊಡುವ ವಿಮೆಯಲ್ಲಿ ಅವಳ ಗಂಡ, ಮಕ್ಕಳು ಇರುತ್ತಾರೆ. ಭೇಟಿಗೆ ಬಂದ ತಂದೆತಾಯಿ ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದ ಹಿರಿಯರಿಗಿರುವ ಮೆಡಿಕೇರ್ ಸಂದರ್ಶಕರಿಗಿಲ್ಲ. ಗ್ರೀನ್ ಕಾರ್ಡ್ ಪಡೆದು ಹೋದ ತಂದೆತಾಯಿಯೂ 65 ತುಂಬಿ ಐದು ವರ್ಷ ಅಲ್ಲೇ ನೆಲೆಸಿದ ಮೇಲಷ್ಟೇ ಹಣ ಕಟ್ಟಿ ಅದನ್ನು ಪಡೆಯಬಹುದು. ಅಂದರೆ ನಿಮಗಾಗಿಯೇ ಪ್ರತ್ಯೇಕ ಪಾಲಿಸಿ ಬೇಕು.

ಅಮೆರಿಕದ ಸಂದರ್ಶಕರ ವಿಮೆಯಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿ ಚಿಕಿತ್ಸೆಗೂ ಇಷ್ಟೇ ಡಾಲರ್ ಎಂದು ಪಟ್ಟಿ ಮಾಡಿರುತ್ತಾರೆ. ಬಿಲ್ಲು ಎಷ್ಟೇ ಆದರೂ ಪಟ್ಟಿಯಲ್ಲಿರುವಷ್ಟೇ ಕೊಡುವುದು. ಪ್ರೀಮಿಯಂ ಅಗ್ಗ. ಇನ್ನೊಂದು ಸಮಗ್ರ ಪಾಲಿಸಿ; ಕಂತು ಜಾಸ್ತಿ, ಆದರೆ ದೊಡ್ಡ ಬಿಲ್ಲಿನಲ್ಲಿ ದೊಡ್ಡ ಪಾಲು ವಿಮೆಯದೇ. ನಮ್ಮ ಬನಶಂಕರಿಯ ಯಜಮಾನರನ್ನೇ ತೆಗೆದುಕೊಳ್ಳಿ. ನ್ಯುಮೋನಿಯಾ ಆಗಿ 40,500 ಡಾಲರ್ ಬಿಲ್ಲು ಬಂತೆಂದು ಲೆಕ್ಕಕ್ಕೆ ಭಾವಿಸೋಣ. ಸಮಗ್ರ ಪಾಲಿಸಿಯಲ್ಲಿ ಮೊದಲ 500 ಡಾಲರ್ ಅವರದು. ಅದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಮುಂದಿನ 5,000ದಲ್ಲಿ ನೂರಕ್ಕೆ ಇಪ್ಪತ್ತು, ಅಂದರೆ 1,000 ಅವರದು. ಉಳಿದದ್ದೆಲ್ಲ ವಿಮೆಯದು. ಒಟ್ಟು ಅವರ ಕೈಯಿಂದ 1,500. ಪಟ್ಟಿಯ ಪಾಲಿಸಿಯಲ್ಲಿ ಅದೇ ಚಿಕಿತ್ಸೆಗೆ ಪಟ್ಟಿಯ ಮೊತ್ತಗಳು ಕೂಡಿ 12,000 ಆದವೆಂದುಕೊಳ್ಳಿ. ಕುಟುಂಬದ ಕೈಯಿಂದ 28,500. ಕಂತಿನಲ್ಲಿ ಉಳಿಸಿದ ಹಣ ಎಲ್ಲಿ ಹೋಯಿತು ನೋಡಿ. ಸಮಗ್ರ ಪಾಲಿಸಿಯಲ್ಲೂ ಒಂದು ಷರತ್ತು: ಕಂಪನಿಯೊಡನೆ ಒಪ್ಪಂದವಿರುವ ಆಸ್ಪತ್ರೆ, ವೈದ್ಯರ ಹತ್ತಿರವೇ ಹೋದರೆ ಈ ಲೆಕ್ಕ. ಮಗಳ ಮನೆಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇಳಿದ ದಿನವೇ ತಿಳಿದಿರಬೇಕು.

ಎಲ್ಲಕ್ಕಿಂತ ದೊಡ್ಡ ಗಂಟು ಮೊದಲೇ ಇರುವ ಕಾಯಿಲೆಗಳದು. ನಮ್ಮ ವಯಸ್ಸಿನವರಲ್ಲಿ ಬಿ.ಪಿ., ಸಕ್ಕರೆ, ಥೈರಾಯ್ಡ್, ಸ್ಟೆಂಟ್ ಇವುಗಳಲ್ಲಿ ಯಾವುದೂ ಇಲ್ಲದವರು ವಿರಳ. ಸಂದರ್ಶಕರ ಪಾಲಿಸಿಗಳು ಸಾಮಾನ್ಯವಾಗಿ ಹಳೆಯ ಕಾಯಿಲೆಯ ಮಾಮೂಲು ಚಿಕಿತ್ಸೆಯನ್ನು ಹೊರಗಿಡುತ್ತವೆ. ಹಲವು ಪಾಲಿಸಿಗಳು ಹಳೆಯ ಕಾಯಿಲೆ ಮುನ್ಸೂಚನೆಯಿಲ್ಲದೆ ಥಟ್ಟನೆ ಉಲ್ಬಣಿಸಿದರೆ, ಹಾಗೆ ಆದ 24 ಗಂಟೆಯೊಳಗೆ ಚಿಕಿತ್ಸೆಗೆ ಹೋದರೆ, ಅದಕ್ಕೆ ಮಾತ್ರ ಕೊಡುತ್ತವೆ. ಅದರಲ್ಲೂ ವಯಸ್ಸಿನ ಮಿತಿ ಉಂಟು, ಹೃದಯದ ಚಿಕಿತ್ಸೆಗೆ ಪ್ರತ್ಯೇಕ ಮಿತಿ ಉಂಟು. 69ರ ತಾಯಿಗೆ ಸಿಗುವ ರಕ್ಷಣೆ ಅದೇ ಪಾಲಿಸಿಯಲ್ಲಿ 74ರ ತಂದೆಗೆ ಸಿಗದಿರಬಹುದು. ವಾರದಿಂದ ಸಣ್ಣಗೆ ಎದೆ ಉರಿ ಎಂದು ಮಗಳಿಗೆ ಹೇಳದೆ ತಡೆದುಕೊಂಡು, ಕೊನೆಗೆ ಆಸ್ಪತ್ರೆಗೆ ಹೋದರೆ ಅದು ಥಟ್ಟನೆ ಬಂದದ್ದಲ್ಲ ಎಂದು ವಿಮೆಯವರು ಹೇಳಬಹುದು. ಆದ್ದರಿಂದ ಕಷ್ಟವಾದ ದಿನವೇ ಹೇಳಿ. ತಡೆದುಕೊಳ್ಳುವುದು ನಮ್ಮ ತಾಯಂದಿರ ಗುಣ. ಈ ವಿಷಯದಲ್ಲಿ ಅದು ಪ್ರಾಣಕ್ಕೂ ಕುತ್ತು, ದುಡ್ಡಿಗೂ ಕುತ್ತು.

ಪಾಲಿಸಿ ಇಲ್ಲಿಂದ ಕೊಳ್ಳಬೇಕೇ, ಅಲ್ಲಿಂದಲೇ? ಭಾರತದ ಕಂಪನಿಗಳ ವಿದೇಶ ಪ್ರವಾಸ ವಿಮೆಯನ್ನು ಇಲ್ಲಿಂದ ಹೊರಡುವ ಮುನ್ನವೇ ಮಾಡಿಸಬೇಕು. ಕಂತು ರೂಪಾಯಿಯಲ್ಲಿ, ಸಾಮಾನು ಕಳೆದರೆ, ವಿಮಾನ ತಪ್ಪಿದರೆ ಅದಕ್ಕೂ ಸ್ವಲ್ಪ ಪರಿಹಾರ. ಆದರೆ ಕೆಲವು ಪಾಲಿಸಿಗಳಲ್ಲಿ 60 ದಾಟಿದವರಿಗೆ ಕೊಠಡಿ ಬಾಡಿಗೆ, ಐ.ಸಿ.ಯು., ಶಸ್ತ್ರಚಿಕಿತ್ಸೆ ಒಂದೊಂದಕ್ಕೂ ಒಳಮಿತಿ ಇರುತ್ತದೆ. ಮೇಲೆ ಒಂದು ಲಕ್ಷ ಡಾಲರ್ ಎಂದು ದೊಡ್ಡ ಅಕ್ಷರದಲ್ಲಿದ್ದರೂ ಒಳಗಿನ ಮಿತಿಯೇ ನಿಜವಾದ ರಕ್ಷಣೆ. ಅಮೆರಿಕದ ಪಾಲಿಸಿಯನ್ನು ನೀವು ಅಲ್ಲಿ ಇಳಿದ ಮೇಲೂ ಮಕ್ಕಳು ಕೊಳ್ಳಬಹುದು. ಅಲ್ಲಿನ ಆಸ್ಪತ್ರೆಗಳಿಗೆ ಅವುಗಳ ಪರಿಚಯ ಹೆಚ್ಚು. ಹಾಗಿದ್ದೂ ಇಳಿಯುವ ದಿನದಿಂದಲೇ ಅದು ಜಾರಿಯಲ್ಲಿರಲಿ.

ಇಲ್ಲಿನ ಪಾಲಿಸಿಗೆ ಒಂದು ಅನುಕೂಲವಿದೆ, ಅದು ನಮ್ಮ ಬಡಾವಣೆಯಲ್ಲೇ ಇದೆ. ಭಾರತೀಯ ಕಂಪನಿ ಕ್ಲೇಮನ್ನು ಅನ್ಯಾಯವಾಗಿ ತಳ್ಳಿಹಾಕಿತೆಂದು ನಿಮಗೆ ಅನಿಸಿದರೆ ದೂರು ಕೊಡಲು ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಕರ್ನಾಟಕದ ಆ ಕಚೇರಿ ಇರುವುದು ಜೆ.ಪಿ. ನಗರ ಒಂದನೇ ಹಂತದ ಜೀವನ ಸೌಧದಲ್ಲಿ, 24ನೇ ಮುಖ್ಯರಸ್ತೆಯಲ್ಲಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಅವರು ತಿರಸ್ಕರಿಸಿದರೆ, ಇಲ್ಲವೆ ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ಬರಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅಮೆರಿಕದಲ್ಲಿ ಕೊಂಡ ಪಾಲಿಸಿಯ ತಕರಾರನ್ನು ಇವರು ಕೇಳಲಾರರು. ಎರಡನ್ನೂ ತೂಗಿ ನೋಡಿ ತೀರ್ಮಾನಿಸಿ.

ಯಾವ ಕಂಪನಿಯದೇ ಆಗಲಿ, ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. "ಸಕ್ಕರೆ ಇದೆ ಅಂತ ಬರೆದರೆ ಕಂತು ಜಾಸ್ತಿ ಆಗುತ್ತೆ, ಬರೆಯೋದು ಬೇಡ" ಎಂದು ಏಜೆಂಟನೇ ಹೇಳಿದರೂ ಕೇಳಬೇಡಿ. ವಿಮೆ ಎಂಬ ಒಪ್ಪಂದ ನಿಂತಿರುವುದೇ ಪೂರ್ಣ ನಂಬಿಕೆಯ ಮೇಲೆ. ಕ್ಲೇಮ್ ಬಂದಾಗ ಅವರು ಹಳೆಯ ಆಸ್ಪತ್ರೆ ದಾಖಲೆ ತರಿಸುತ್ತಾರೆ. ಅಲ್ಲಿನ ವೈದ್ಯರಿಗೆ ನೀವೇ "ಹತ್ತು ವರ್ಷದಿಂದ ಮಾತ್ರೆ ತಿನ್ನುತ್ತಿದ್ದೇನೆ" ಎಂದು ಹೇಳಿರುತ್ತೀರಿ, ಅದು ದಾಖಲಾಗಿರುತ್ತದೆ. ಮುಚ್ಚಿಟ್ಟದ್ದು ಬಯಲಾದ ದಿನ, ಕಾಲು ಜಾರಿ ಬಿದ್ದು ಮೂಳೆ ಮುರಿದ ಕ್ಲೇಮಿಗೂ ತಕರಾರು ಬರಬಹುದು.

ಇದರ ಹಿಂದೆ ಮನೆಯೊಳಗಿನ ಇನ್ನೊಂದು ಮುಚ್ಚುಮರೆ ಇದೆ. ನನಗೆ ಹೆಚ್ಚು ನೋವು ಕೊಡುವುದು ಅದು. ಮಗಳಿಗೆ ಗಾಬರಿಯಾದೀತೆಂದು, ಬರುವುದೇ ಬೇಡ ಎಂದಾಳೆಂದು, ತಾಯಿ ತನ್ನ ಸಕ್ಕರೆಯ ಅಂಕಿ ಹೇಳುವುದಿಲ್ಲ. ಅಮ್ಮ ಡಾಲರನ್ನು ರೂಪಾಯಿಗೆ ಗುಣಿಸಿ ಬೇಡವೆಂದಾಳೆಂದು ಮಗಳು ಕಂತಿನ ಮೊತ್ತ ಹೇಳುವುದಿಲ್ಲ. ಇಬ್ಬರದೂ ಪ್ರೀತಿಯೇ. ಈ ಎರಡು ಮೌನಗಳ ನಡುವೆ ತಪ್ಪು ಪಾಲಿಸಿ ಬರುತ್ತದೆ. ಹಿರಿಯರೇ, ನಿಮ್ಮ ಅಂಕಿ ಹೇಳಿ. ಮಕ್ಕಳೇ, ಖರ್ಚು ಹೇಳಿ. ಆರು ತಿಂಗಳ ಕಂತು ದೊಡ್ಡ ಮೊತ್ತವೇ. ಆ ಮೊತ್ತ ಕೊಡಲಾಗದಿದ್ದರೆ ಮೂರು ತಿಂಗಳಿಗೆ ಹೋಗಿ ಬನ್ನಿ. ವಿಮೆಯಿಲ್ಲದ ಆರು ತಿಂಗಳಿಗಿಂತ ವಿಮೆಯಿರುವ ಮೂರು ತಿಂಗಳು ಮೇಲು.

ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕಾಣಿ. ಜಯದೇವ ಆಸ್ಪತ್ರೆಯಲ್ಲೋ ಬೇರೆಲ್ಲೋ ಸ್ಟೆಂಟ್ ಹಾಕಿಸಿಕೊಂಡಿದ್ದರೆ ಡಿಸ್ಚಾರ್ಜ್ ಸಮ್ಮರಿ, ಇತ್ತೀಚಿನ ಇ.ಸಿ.ಜಿ., ಎಕೋ ವರದಿಯ ನಕಲು ಕೈಚೀಲದಲ್ಲಿರಲಿ, ಫೋನಿನಲ್ಲೂ ಇರಲಿ. ಮಾತ್ರೆಯ ಚೀಟಿಯಲ್ಲಿ ಬ್ರ್ಯಾಂಡಿನ ಜೊತೆಗೆ ಒಳಗಿರುವ ಔಷಧದ ಹೆಸರನ್ನೂ ಬರೆಸಿ. ಡೋಲೊ ಎಂದರೆ ಡಲ್ಲಾಸಿನ ಫಾರ್ಮಸಿಗೆ ತಿಳಿಯದು. ಅದರೊಳಗಿನ ಪ್ಯಾರಾಸಿಟಮಾಲ್‌ಗೆ ಅಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ. ಅಮೆರಿಕಕ್ಕೆ ಒಯ್ಯುವ ಔಷಧ ಸಾಮಾನ್ಯವಾಗಿ 90 ದಿನಕ್ಕೆ ಸಾಕಾಗುವಷ್ಟು ಇರಬಹುದು. ಆರು ತಿಂಗಳಿರುವವರು ಉಳಿದರ್ಧದ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡಬೇಡಿ. ದುಬೈ ಮೂಲಕ ಹೋಗುವವರು ಕೋಡೀನ್, ಟ್ರಮಡಾಲ್ ಇರುವ ಔಷಧಗಳ ಬಗ್ಗೆ ವಿಶೇಷ ಎಚ್ಚರ ವಹಿಸಿ; ಅಲ್ಲಿ ಅವಕ್ಕೆ ಬಿಗಿಯಾದ ಕಾನೂನಿದೆ. ಬಾಣಂತಿಗೆಂದು ಒಯ್ಯುವ ಲೇಹ್ಯ, ಪುಡಿಗಳನ್ನು ಕಸ್ಟಮ್ಸ್ ಅರ್ಜಿಯಲ್ಲಿ ಬರೆಯಿರಿ, ಮಗಳ ವೈದ್ಯರಿಗೂ ತಿಳಿಸಿ.

ಅಲ್ಲಿ ಆರೋಗ್ಯ ಕೆಟ್ಟರೆ? ಜ್ವರ, ಕೆಮ್ಮು, ಉಳುಕು, ಮೂತ್ರದ ಉರಿಯಂಥವಕ್ಕೆ ಅರ್ಜೆಂಟ್ ಕೇರ್ ಎಂಬ ಕ್ಲಿನಿಕ್ಕುಗಳಿವೆ, ಖರ್ಚು ಕಡಿಮೆ. ಎದೆ ನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇವಕ್ಕೆ ದುಡ್ಡಿನ ಯೋಚನೆ ಬೇಡ, 911ಕ್ಕೆ ಫೋನು ಮಾಡಿ. ತುರ್ತು ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಹಿಂದಕ್ಕೆ ಕಳಿಸಬಾರದೆಂದು ಅಮೆರಿಕದಲ್ಲಿ 1986ರ ಕಾನೂನೇ ಇದೆ. ಬಿಲ್ಲು ಆಮೇಲೆ ಬರುತ್ತದೆ, ಪ್ರಾಣ ಮೊದಲು. ಅಲ್ಲಿನ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಭಾಷೆ ಬಾರದ ರೋಗಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಎಷ್ಟೋ ಕಡೆ ಫೋನಿನ ಮೂಲಕವೇ. "ಕನ್ನಡ" ಎಂದು ಕೇಳಿ. ನೋವು ಎಲ್ಲಿ, ಹೇಗೆ, ಯಾವಾಗಿನಿಂದ ಎಂಬುದನ್ನು ತಾಯಿನುಡಿಯಲ್ಲಿ ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವ ಭಾಷೆಯಲ್ಲೂ ಹೇಳಲಾಗದು. ವಿಮಾ ಕಂಪನಿಯ ಸಹಾಯವಾಣಿಗೆ ಮನೆಯವರು ಕೂಡಲೇ ತಿಳಿಸಲಿ. ತಡವಾದರೆ ಅದೇ ಒಂದು ತಕರಾರಾಗುತ್ತದೆ. ದೊಡ್ಡ ಬಿಲ್ಲು ಬಂದರೆ ವಿವರವಾದ ಪಟ್ಟಿ ಕೇಳಿ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ಲಿಖಿತ ನಿಯಮ ಇಟ್ಟುಕೊಳ್ಳಲೇಬೇಕು. ಅದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ.

ಇನ್ನೊಂದು ಮಾತು, ನಾವು ಆಡಲು ಹಿಂಜರಿಯುವ ಮಾತು. ಹೊರದೇಶದಲ್ಲಿ ಸಾವು ಬಂದರೆ ದೇಹವನ್ನು ಊರಿಗೆ ತರುವುದು ಬಹಳ ಖರ್ಚಿನ, ಕಾಗದಪತ್ರದ ಕೆಲಸ. ಪಾಲಿಸಿಯಲ್ಲಿ ಆ ಖರ್ಚು ಸೇರಿದೆಯೇ ನೋಡಿ. ಅಲ್ಲೇ ಸಂಸ್ಕಾರವಾಗಲಿ ಎಂಬುದು ನಿಮ್ಮ ಇಚ್ಛೆಯಾದರೆ ಹೊರಡುವ ಮುನ್ನ ಮಕ್ಕಳಿಗೆ ಹೇಳಿಬಿಡಿ. ಅಂಥ ಹೊತ್ತಿನಲ್ಲಿ ಮಕ್ಕಳು ಊಹೆ ಮಾಡುತ್ತ ನಿಲ್ಲಬಾರದು.

ದೂರದಲ್ಲಿದ್ದು ಈ ಮಾತು ಕೇಳುತ್ತಿರುವ ಮಕ್ಕಳೇ, ನಿಮ್ಮಲ್ಲೂ ಒಂದು ಕೋರಿಕೆ. ಪಾಲಿಸಿ ಕೊಂಡು ಪಿ.ಡಿ.ಎಫ್. ಕಳಿಸಿದರೆ ಕೆಲಸ ಮುಗಿಯಲಿಲ್ಲ. ಒಂದು ಭಾನುವಾರ ಫೋನಿನಲ್ಲಿ ಕೂತು ಅಪ್ಪ ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿ. ಎಷ್ಟು ಮೊತ್ತ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮೊದಲು ನಮ್ಮ ಕೈಯಿಂದ ಹೋಗುವುದೆಷ್ಟು, ಹಳೆಯ ಕಾಯಿಲೆಗೆ ಏನು ಕೊಡುತ್ತಾರೆ, ಯಾವ ಆಸ್ಪತ್ರೆ, ಯಾವ ನಂಬರು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದು ಅವರ ಪಾಸ್‌ಪೋರ್ಟಿನ ಜೊತೆ ಇಡಿ. ನೀವು ಆಫೀಸಿನಲ್ಲಿರುವಾಗ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾಗ ಅಮ್ಮನಿಗೆ ತಲೆ ಸುತ್ತಿದರೆ, ಆ ಹಾಳೆಯೇ ಅವರ ಕೈಗೆ ಸಿಗಬೇಕು.

ಒಂದು ಆಯುಷ್ಯವಿಡೀ ಕಚೇರಿಯ ಕಡತ, ಶಾಲೆಯ ಹಾಜರಿ ಪುಸ್ತಕ, ಮನೆ ಸಾಲದ ಕಾಗದ ಎಲ್ಲವನ್ನೂ ಓದಿ ಸಹಿ ಹಾಕಿದವರು ನೀವು. ಈ ಕಾಗದಗಳೂ ನಿಮಗೆ ಮೀರಿದವಲ್ಲ. ಓದಿ, ಅರ್ಥವಾಗದ್ದನ್ನು ಕೇಳಿ, ನಿಮ್ಮ ವಯಸ್ಸು, ಕಾಯಿಲೆ, ಉದ್ದೇಶ ಮೂರನ್ನೂ ಇದ್ದಂತೆ ಹೇಳಿ ಸಹಿ ಮಾಡಿ. ಆಮೇಲೆ ನೆಮ್ಮದಿಯಾಗಿ ಹೋಗಿ ಮೊಮ್ಮಕ್ಕಳ ಜೊತೆ ಇದ್ದು, ಹೋದ ಹಾಗೆಯೇ ಆರೋಗ್ಯವಾಗಿ ಮರಳಿ ಬನ್ನಿ.